ಭಾನುವಾರದಮ್ಮ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಚಾದರದಕ್ಕ ಎಂದೇ ಕರೆಯುತ್ತಿದ್ದರು. ಊರಿನ ದೊಡ್ಡ ಲಾಡ್ಜುಗಳ ಬಟ್ಟೆಯೆಲ್ಲ ಒಗೆಯಲು ಅಲ್ಲಿಗೇ ಬರುತ್ತಿತ್ತು. ದಿಂಬಿನ ಗವಸು, ಟವೆಲು, ಪರದೆ ಇವಕ್ಕೆಲ್ಲ ಒಬ್ಬೊಬ್ಬರು ಸಾಕು. ಚಾದರ ಮಾತ್ರ ಇಬ್ಬರ ಕೆಲಸ. ಒಬ್ಬಳು ಆ ತುದಿ ಹಿಡಿದರೆ ಇವಳು ಈ ತುದಿ. ಜಾಡಿಸಿ, ಬಿಗಿಯಾಗಿ ಎಳೆದು, ಮಡಚಿ, ಎದುರುಬದುರು ನಡೆದು ಬಂದು ಅಂಚಿಗೆ ಅಂಚು ಸೇರಿಸಿ, ಮತ್ತೆ ಹಿಂದಕ್ಕೆ ಸರಿಯಬೇಕು. ಬೆಳಗಿನಿಂದ ಸಂಜೆಯವರೆಗೆ ಹೀಗೆ ಹತ್ತಿರ ಬರುವುದು, ದೂರ ಹೋಗುವುದು. ಕೂರುವ ಮಾತೇ ಇಲ್ಲ. ಇವಳ ಜೊತೆಗಾತಿ ಮೊಮ್ಮಕ್ಕಳನ್ನು ಕಂಡವಳು, ಬಾಯಿಗೆ ಬಿಡುವು ಕೊಡದವಳು. ಚಾದರದಕ್ಕ ಹೂಂಗುಟ್ಟುತ್ತಾ ಮಡಚುತ್ತಿದ್ದಳು.

ವಯಸ್ಸು ಐವತ್ತು ದಾಟಿತ್ತು. ಮದುವೆಯ ಮಾತು ಒಂದೆರಡು ಸಲ ಬಂದು, ಹಾಗೆಯೇ ತಣ್ಣಗಾಗಿತ್ತು. ಅಪ್ಪ ಅಮ್ಮ ಹೋದ ಮೇಲೆ ಉಳಿದವನು ತಮ್ಮನೊಬ್ಬ. ಅವನು ಬೇರೆ ಊರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ. ತಿಂಗಳಿಗೊಮ್ಮೆ ಫೋನು ಮಾಡಿ, "ಚೆನ್ನಾಗಿದ್ದೀಯಾ ಅಕ್ಕ?" ಎಂದು ಕೇಳುತ್ತಿದ್ದ. ಇವಳು ಚೆನ್ನಾಗಿದ್ದೇನೆ ಎನ್ನುತ್ತಿದ್ದಳು. ಆಮೇಲೆ ಇಬ್ಬರಿಗೂ ಮಾತು ತೋಚುತ್ತಿರಲಿಲ್ಲ. ಮೂರನೇ ಮಹಡಿಯ ಒಂದೇ ಕೋಣೆಯ ಮನೆ, ಬೀದಿಯ ಕಡೆಗೊಂದು ಕಿಟಕಿ, ಒಬ್ಬರಿಗಾಗುವಷ್ಟು ಪಾತ್ರೆ. ಅವಳು ಇದನ್ನು ಕಷ್ಟವೆಂದು ಎಂದೂ ಹೇಳಿಕೊಂಡವಳಲ್ಲ.

ಅಪಘಾತ ಆದದ್ದು ಕೆಲಸಕ್ಕೆ ಹೋಗುವಾಗ. ಬ್ಯಾಂಕಿನ ಮೂಲೆಯಲ್ಲಿ ರಸ್ತೆಗೆ ಬಿಳಿ ಪಟ್ಟೆ ಬಳಿದ ಜಾಗವಿದೆ. ಅವಳು ಎರಡೂ ಕಡೆ ನೋಡಿಯೇ ಇಳಿದಿದ್ದಳು. ಅರ್ಧ ದಾಟುವಷ್ಟರಲ್ಲಿ ಒಂದು ಬೂದುಬಣ್ಣದ ಕಾರು ಮೂಲೆ ತಿರುಗಿಸಿಕೊಂಡು ಸೀದಾ ಮೈಮೇಲೆ ಬಂತು. ನೋವು ಆಗ ಗೊತ್ತಾಗಲಿಲ್ಲ. ರಸ್ತೆಯ ಮೇಲೆ ಮಲಗಿಕೊಂಡು ಆಕಾಶ ನೋಡುತ್ತಿರುವುದು ಎಂಥ ನಾಚಿಕೆಗೇಡು ಎಂದಷ್ಟೇ ಅನ್ನಿಸಿ, ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಳು. ಯಾರೋ, "ಅಲುಗಾಡಬೇಡಿ, ಹಾಗೇ ಇರಿ" ಎಂದರು. ಕಾರಿನಿಂದ ಇಳಿದ ವಯಸ್ಸಾದ ಗಂಡಸು, "ಬಿಸಿಲು ಕಣ್ಣಿಗೆ ಹೊಡೀತು, ಕಾಣಲಿಲ್ಲ" ಎಂದು ಎಲ್ಲರಿಗೂ ಹೇಳುತ್ತಾ ನಿಂತಿದ್ದ.

ಬಲಗಾಲಿನ ಮೊಣಕಾಲ ಚಿಪ್ಪು ಒಡೆದಿತ್ತು, ಕೆಳಗಿನ ಎಲುಬು ಎರಡು ಕಡೆ ಮುರಿದಿತ್ತು. ರಾಡು ಹಾಕಿ ಕೂಡಿಸಿದರು. ಎಲುಬು ಕೂಡಿಕೊಳ್ಳುತ್ತದೆ, ಮೊಣಕಾಲಿನ ಮಾತು ಈಗಲೇ ಹೇಳಲಾಗದು ಎಂದರು ಡಾಕ್ಟರು.

ವಾರ್ಡಿನಲ್ಲಿ ಅವಳಿಗೆ ಕಾಲಿನ ನೋವಿಗಿಂತ ಕಷ್ಟವಾದದ್ದು ಸಂಜೆಯ ಹೊತ್ತು. ನಾಲ್ಕು ಗಂಟೆಗೆ ಬಾಗಿಲು ತೆರೆದರೆ ಒಂದೊಂದು ಮಂಚದ ಸುತ್ತಲೂ ಜನ. ಬುತ್ತಿ, ಫ್ಲಾಸ್ಕು, ಮಕ್ಕಳ ಗಲಾಟೆ. ಪಕ್ಕದ ಮಂಚದವರ ನೆಂಟರು ಇವಳತ್ತ ಒಮ್ಮೆ ನೋಡಿ, ಖಾಲಿ ಇದ್ದ ಇವಳ ಸ್ಟೂಲನ್ನು, "ತಗೊಳ್ಳಲಾ ಅಮ್ಮ?" ಎಂದು ಎಳೆದುಕೊಳ್ಳುತ್ತಿದ್ದರು. ಅವರು ಪಾಪ ಅನ್ನುವುದು ಬೇಡವೆಂದು ಅವಳು ಆ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ತಮ್ಮ ಒಂದು ದಿನ ಬಂದು ಹೋದ. ಜೊತೆಗಾತಿ ಒಮ್ಮೆ ಬಂದು ಅತ್ತು ಹೋದಳು.

ಹಾಗಿರುವಾಗ ಒಂದು ಸಂಜೆ ಯಾರೋ ಸ್ಟೂಲು ಎಳೆದುಕೊಂಡು ಇವಳ ಪಕ್ಕದಲ್ಲೇ ಕುಳಿತರು. ಕಣ್ಣು ಬಿಟ್ಟು ನೋಡಿದರೆ ಇಸ್ತ್ರಿ ಮಾಡಿದ ಅಂಗಿಯ, ನಗುಮುಖದ ಯುವಕ. ತಾನು ಆ ಕಾರಿನ ವಿಮಾ ಕಂಪನಿಯ ಕಡೆಯವನು ಎಂದು ಹೇಳಿಕೊಂಡ. ಕಿತ್ತಳೆ ಹಣ್ಣು ತಂದಿದ್ದ. ತಾನೇ ಸಿಪ್ಪೆ ಬಿಡಿಸಿ, ನಾರು ತೆಗೆದು, ಒಂದೊಂದೇ ತೊಳೆ ಕೊಟ್ಟ. ಯಾವ ಕೆಲಸ, ಎಷ್ಟು ವರ್ಷವಾಯಿತು, ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳಿದ. ಚಾದರ ಮಡಚುವುದಕ್ಕೂ ಒಂದು ಕೈಚಳಕ ಬೇಕು ಎಂದು ಇವಳು ಹೇಳಿದಾಗ ಹೇಗೆ ಎಂದು ಕೇಳಿ ತಿಳಿದುಕೊಂಡ. ಎರಡು ದಿನ ಬಿಟ್ಟು ಮತ್ತೆ ಬಂದ. ಮೂರನೆಯ ಸಲ ಅವನು ಬರುವ ಮೊದಲು ಚಾದರದಕ್ಕ ನರ್ಸಿನ ಹತ್ತಿರ ಬಾಚಣಿಗೆ ಕೇಳಿ ತಲೆ ಬಾಚಿಕೊಂಡಿದ್ದಳು.

ಅಂದು ಅವನ ಕೈಯಲ್ಲಿ ಕಾಗದವಿತ್ತು.

"ಅಕ್ಕ, ಇಲ್ಲೊಂದು ಸೈನ್ ಹಾಕಿಬಿಟ್ರೆ ಮುಂದಿನ ವಾರಾನೇ ಚೆಕ್ ಬರುತ್ತೆ. ಕೋರ್ಟು ಗೀರ್ಟು ಅಂತ ಅಲೆಯೋ ತಾಪತ್ರಯ ಇರಲ್ಲ."

ಅವಳು ಪೆನ್ನು ತೆಗೆದುಕೊಂಡಳು. ಇಷ್ಟು ಒಳ್ಳೆಯವನಿಗೆ ಇಲ್ಲವೆನ್ನುವುದು ಹೇಗೆ? ಅಷ್ಟರಲ್ಲಿ ಡ್ರಿಪ್ ಬದಲಾಯಿಸಲು ಬಂದ ನರ್ಸು ಮಧ್ಯೆ ನಿಂತಳು. "ಸಾರ್, ಇವರಿಗೆ ಈಗ ಇಂಜೆಕ್ಷನ್ ಕೊಡಬೇಕು, ಸ್ವಲ್ಪ ಆಚೆ ಹೋಗ್ತೀರಾ?" ಎಂದಳು. ಅವನು ಆಚೆ ಹೋದ ಮೇಲೆ ಇಂಜೆಕ್ಷನ್ ಏನೂ ಕೊಡಲಿಲ್ಲ.

"ಓದಿದ್ರಾ ಅದನ್ನ?"

"ಕನ್ನಡಕ ಮನೇಲಿದೆ ತಾಯಿ."

"ಒಂದು ಸಲ ಸೈನ್ ಹಾಕಿದ್ರೆ ಮುಂದೆ ಕಾಲಿಗೆ ಏನೇ ಆದ್ರೂ ಕೇಳೋ ಹಾಗಿಲ್ಲ. ಹೋದ ವರ್ಷ ನಮ್ಮ ಮಾವನೋರಿಗೆ ಹಾಗೇ ಆಯ್ತು. ಕೋರ್ಟಿನ ಹತ್ರ ಕಾನೂನು ನೆರವಿನವರು ಇದ್ದಾರೆ, ದುಡ್ಡು ತಗೊಳ್ಳಲ್ಲ. ಅವರಿಗೆ ತೋರಿಸಿ, ಆಮೇಲೆ ಬೇಕಾದ್ರೆ ಹಾಕಿ. ಅವಸರ ಅವರದು, ನಿಮ್ಮದಲ್ಲ."

ಚಾದರದಕ್ಕ ಅವನಿಗೆ, ಯಾರಿಗಾದರೂ ತೋರಿಸಿ ಹೇಳುತ್ತೇನೆ ಎಂದಳು. "ಆಯ್ತು ಅಕ್ಕ, ನಿಮ್ಮಿಷ್ಟ" ಎಂದು ಅವನು ನಕ್ಕೇ ಹೋದ. ಮತ್ತೆ ಬರಲಿಲ್ಲ. ಸೈನ್ ಹಾಕಲಿಲ್ಲವೆಂಬ ಸಮಾಧಾನಕ್ಕಿಂತ ಅವನು ಬರಲಿಲ್ಲವೆಂಬ ಬೇಸರವೇ ಆ ವಾರವೆಲ್ಲ ಅವಳನ್ನು ಕಾಡಿತು.

ಮನೆಗೆ ಬಂದ ಮೇಲೆ ಮೂರು ಮಹಡಿಯನ್ನು ಅವಳು ಕುಳಿತುಕೊಂಡೇ ಹತ್ತಿದಳು. ಬೆನ್ನು ಮೆಟ್ಟಿಲಿನ ಕಡೆ ಮಾಡಿ, ಎರಡೂ ಕೈ ಊರಿ, ಕಾಲನ್ನು ಎಳೆದುಕೊಂಡು. ಆಮೇಲೆ ಕೆಲವು ತಿಂಗಳು ಕೆಳಗಿಳಿಯುವ ಗೋಜಿಗೇ ಹೋಗಲಿಲ್ಲ. ಕಿಟಕಿಯಿಂದ ಹಗ್ಗಕ್ಕೆ ಚೀಲ ಕಟ್ಟಿ ಬಿಟ್ಟರೆ ಕೆಳಗಿನ ಅಂಗಡಿಯವನು ಅಕ್ಕಿ, ಸೋಪು, ಹಾಲಿನ ಪ್ಯಾಕೆಟ್ಟು ಹಾಕಿ ಹಗ್ಗ ಅಲ್ಲಾಡಿಸುತ್ತಿದ್ದ. ಒಗೆದ ಚಾದರವನ್ನು ಮಡಚಬೇಕಾದಾಗ ಗದ್ದದ ಕೆಳಗೆ ಒತ್ತಿ ಹಿಡಿದು ಒಬ್ಬಳೇ ಮಡಚುತ್ತಿದ್ದಳು. ಅಂಚು ಸೊಟ್ಟವಾದರೆ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಹೇಗಿದ್ದರೂ ಹೊತ್ತು ಹೋಗಬೇಕಿತ್ತಲ್ಲ. ಲಾಂಡ್ರಿಯ ಮಾಲೀಕ ಎರಡು ತಿಂಗಳು ಕಾದು, "ನಿಂತು ಮಾಡೋ ಕೆಲಸ ಇದು, ನನಗೂ ಬೇರೆ ದಾರಿ ಇಲ್ಲ ನೋಡಿ" ಎಂದು ಹೇಳಿಕಳಿಸಿದ. ತಮ್ಮ ಫೋನಿನಲ್ಲಿ, "ಕೊಟ್ಟಷ್ಟು ತಗೊಂಡು ಸುಮ್ಮನಿರಬಾರದಿತ್ತಾ ಅಕ್ಕ? ಒಬ್ಬಳೇ ಇದ್ದೀಯ, ಕೋರ್ಟು ಯಾಕೆ ನಿನಗೆ?" ಎಂದ. ಒಬ್ಬಳೇ ಇರುವವಳಿಗೆ ಕಾಲು ಇನ್ನಷ್ಟು ಬೇಕಲ್ಲವೇ ಎಂದು ಅವಳಿಗೆ ಅನ್ನಿಸಿದ್ದು ಫೋನು ಇಟ್ಟ ಮೇಲೆ.

ನರ್ಸು ಹೇಳಿದ ಕಾನೂನು ನೆರವಿನ ಕಡೆಯಿಂದ ಒಬ್ಬ ವಕೀಲೆ ಸಿಕ್ಕಿದಳು. ತಮ್ಮನ ಮಗಳಷ್ಟು ವಯಸ್ಸು. ಕಚೇರಿ ಎರಡನೇ ಮಹಡಿಯಲ್ಲಿದ್ದುದರಿಂದ ಅವಳೇ ಕೆಳಗಿಳಿದು ಬಂದು ಜೆರಾಕ್ಸ್ ಅಂಗಡಿಯೊಳಗೆ ಕುಳಿತು ಮಾತಾಡಿದಳು. ಮೆಷಿನ್ನಿನ ಸದ್ದಿನ ಮಧ್ಯೆ ಇಬ್ಬರೂ ಜೋರಾಗಿ ಕೂಗಿಕೊಳ್ಳಬೇಕಾಗುತ್ತಿತ್ತು. ಅಪಘಾತವಾದ ಜಾಗವನ್ನು ಪೊಲೀಸರು ಅಂದೇ ಬರೆದಿದ್ದ ನಕ್ಷೆಯ ಪ್ರತಿ ತರಿಸಿಕೊಂಡಿದ್ದಳು. ಇವಳ ಚೀಲ ಬಿದ್ದ ಜಾಗ ಬಿಳಿ ಪಟ್ಟೆಯ ಮೇಲೇ ಇತ್ತು.

"ಅದು ಒಳ್ಳೇದಾಯ್ತು. ನೀವೇ ಅಡ್ಡ ಬಂದ್ರಿ ಅಂತ ಅವರು ಹೇಳೋಕೆ ನೋಡ್ತಾರೆ. ಆಸ್ಪತ್ರೆ ಖರ್ಚು, ಹೋದ ಸಂಬಳ, ಮುಂದೆ ದುಡಿಯೋಕೆ ಆಗದೇ ಇರೋದು, ಇದಕ್ಕೆಲ್ಲ ಕಾಗದ ಇದೆ. ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮನ್ನ ಯಾರು ನೋಡಿಕೊಂಡ್ರು?"

"ಯಾರೂ ಇಲ್ಲ."

"ಯಾರಾದ್ರೂ ಇಟ್ಕೊಂಡಿದ್ರಾ? ಕೂಲಿ ಕೊಟ್ಟು?"

"ಇಲ್ಲಮ್ಮ."

ವಕೀಲೆ ಆ ಸಾಲನ್ನು ಖಾಲಿ ಬಿಟ್ಟಳು. ಯಾರಾದರೂ ನೋಡಿಕೊಂಡಿದ್ದರೆ ಅದಕ್ಕೆ ಪರಿಹಾರ ಕೇಳಬಹುದಿತ್ತು. ಯಾರೂ ನೋಡಿಕೊಳ್ಳದೇ ಇದ್ದುದಕ್ಕೆ ಕೇಳುವ ಹಾಗಿರಲಿಲ್ಲ.

"ಇನ್ನೊಂದಿದೆ. ಬದುಕಿನ ಸುಖ ಕಳಕೊಂಡಿದ್ದಕ್ಕೆ ಅಂತ ಕಾನೂನು ಕೊಡುತ್ತೆ. ಅಪಘಾತಕ್ಕೆ ಮುಂಚೆ ನೀವು ಖುಷಿಗೆ ಅಂತ ಏನು ಮಾಡ್ತಿದ್ರಿ?"

ಚಾದರದಕ್ಕ ಮೆಷಿನ್ನಿನಿಂದ ಹೊರಬರುತ್ತಿದ್ದ ಹಾಳೆಗಳನ್ನೇ ನೋಡುತ್ತಾ ಕುಳಿತಳು. ಈ ಪ್ರಶ್ನೆಯನ್ನು ಅವಳಿಗೆ ಈವರೆಗೆ ಯಾರೂ ಕೇಳಿರಲಿಲ್ಲ.

"ನಡೀತಿದ್ದೆ" ಎಂದಳು ಕೊನೆಗೆ.

"ಅಂದ್ರೆ?"

"ಭಾನುವಾರ. ಬೆಳಗ್ಗೆ ಹೊರಟು, ರೈಲು ಗೇಟು ದಾಟಿ, ಹೊಳೆ ಅಣೆಕಟ್ಟಿನ ತನಕ. ಅಲ್ಲಿ ಸ್ವಲ್ಪ ಕೂತು ವಾಪಸ್ಸು ಬರೋದು."

"ಯಾರ ಜೊತೆ?"

"ಒಬ್ಬಳೇ."

"ಎಷ್ಟು ವರ್ಷದಿಂದ?"

"ಅಮ್ಮ ಹೋದಾಗಿನಿಂದ. ಮನೇಲಿ ಕೂರೋಕಾಗ್ತಿರಲಿಲ್ಲ. ಆಮೇಲೆ ಅದೇ ಹಿತ ಅನ್ನಿಸಿತು."

ವಕೀಲೆ ಪೆನ್ನು ಕೆಳಗಿಟ್ಟಳು. "ಇದು ದೊಡ್ಡ ವಿಷಯ ಅಮ್ಮ. ಆದ್ರೆ ಅವರ ವಕೀಲರು ಬಿಡಲ್ಲ. ಈಗ ಹುಟ್ಟಿಸಿಕೊಂಡ ಕಥೆ ಅಂತಾರೆ. ನೀವು ನಡೀತಿದ್ರಿ ಅಂತ ಹೇಳೋಕೆ ಒಬ್ಬರು ಬೇಕು."

ಮೊದಲು ಜೊತೆಗಾತಿಯನ್ನು ಕೇಳಿದರು. ಅವಳು ತಲೆ ಕೆರೆದುಕೊಂಡಳು. ಹನ್ನೊಂದು ವರ್ಷ ಒಟ್ಟಿಗೆ ಮಡಚಿದ್ದೇವೆ, ಆದರೆ ಭಾನುವಾರ ಇವಳೇನು ಮಾಡುತ್ತಾಳೆಂದು ತನಗೆ ಗೊತ್ತೇ ಇಲ್ಲ ಎಂದಳು. "ನಮ್ಮಿಬ್ಬರ ಮಧ್ಯೆ ಯಾವಾಗಲೂ ಒಂದು ಚಾದರ ಇರ್ತಿತ್ತಲ್ಲಮ್ಮ. ಮಾತೆಲ್ಲ ನಾನೇ ಆಡ್ತಿದ್ದೆ" ಎಂದು ನಕ್ಕು, ಮರುಕ್ಷಣವೇ ಮುಖ ಸಣ್ಣದು ಮಾಡಿಕೊಂಡಳು. ತಮ್ಮನಿಗೆ ಗೊತ್ತಿರಲಿಲ್ಲ. ಕೆಳಗಿನ ಅಂಗಡಿಗೆ ಭಾನುವಾರ ರಜೆ.

ದಾರಿಯಲ್ಲಿ ನಿಮ್ಮನ್ನು ನೋಡುವವರು ಯಾರಾದರೂ ಇದ್ದರೇ ಎಂದು ವಕೀಲೆ ಕೇಳಿದಳು. ಚಾದರದಕ್ಕನಿಗೆ ರೈಲು ಗೇಟಿನವನ ನೆನಪಾಯಿತು. ಮಾತಾಡಿದವರಲ್ಲ. ಒಬ್ಬ ಗೇಟುಮನುಷ್ಯ ಅಲ್ಲಿದ್ದ, ಅಷ್ಟೇ.

ಆ ದಾರಿಗೆ ಬಸ್ಸಿಲ್ಲ. ವಕೀಲೆ ತನ್ನ ಹಳೇ ಕಾರು ತಂದಳು. ಅಪಘಾತವಾದ ಮೇಲೆ ಚಾದರದಕ್ಕ ಕಾರಿನಲ್ಲಿ ಕುಳಿತದ್ದು ಅದೇ ಮೊದಲು. ಮೂಲೆ ಬಂದಾಗಲೆಲ್ಲ ಅವಳ ಕೈ ಬಾಗಿಲಿನ ಹಿಡಿಯನ್ನು ಅಪ್ಪಿ ಹಿಡಿಯುತ್ತಿತ್ತು. ರಸ್ತೆ ದಾಟಲು ನಿಂತವರನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ವಕೀಲೆ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದಳು. ಹಿಂದಿನವರು ಹಾರನ್ ಹೊಡೆದೂ ಹೊಡೆದೂ ಸುಸ್ತಾದರು.

ಗೇಟುಮನುಷ್ಯ ತನ್ನ ಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ದಪ್ಪ ಆಳು, ಬಿಳಿ ಮೀಸೆ. ಕಾರಿನಿಂದ ಊರುಗೋಲು ಮೊದಲು ಇಳಿಯಿತು, ಆಮೇಲೆ ಅವಳು. ಅವನು ಎದ್ದು ನಿಂತ.

"ಭಾನುವಾರದಮ್ಮ" ಎಂದ.

ಚಾದರದಕ್ಕ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದರೇನೋ ಎಂದು.

"ನಿಮ್ಮನ್ನೇ ಅಮ್ಮ. ಹೆಸರು ಗೊತ್ತಿಲ್ವಲ್ಲ, ನಾನೂ ನಮ್ಮ ಮನೆಯವಳೂ ಹಾಗೇ ಕರೆಯೋದು. ಎಲ್ಲಿ ಹೋಗಿಬಿಟ್ರಿ? ಊರು ಬಿಟ್ರೇನೋ ಅನ್ಕೊಂಡ್ವಿ. ಏನಾದ್ರೂ ಆಯ್ತೇನೋ ವಿಚಾರಿಸಿ ಅಂತ ಇವಳು ಒಂದೇ ಸಮ. ಯಾರ ಹತ್ರ ಹೋಗಿ, ಏನಂತ ವಿಚಾರಿಸಲಿ?" ಅವನ ಕಣ್ಣು ಅವಳ ಕಾಲಿನ ಮೇಲೆ ನಿಂತಿತು. "ಯಾವನು ಮಾಡಿದ್ದು ಇದು?"

ಅವನು ತಂದುಕೊಟ್ಟ ಕುರ್ಚಿಯಲ್ಲಿ ಅವಳು ಕುಳಿತಳು. ಇಷ್ಟು ವರ್ಷ ಒಂದು ಮನೆಯಲ್ಲಿ ಗಂಡ ಹೆಂಡತಿ ತಿಂಡಿ ತಿನ್ನುತ್ತಾ ತನ್ನ ವಿಷಯ ಮಾತಾಡುತ್ತಿದ್ದರು, ತನಗೆ ಅದು ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಏನು ಮಾಡುತ್ತಿದ್ದಳೋ. ಬಹುಶಃ ಬೇರೆ ದಾರಿ ಹಿಡಿಯುತ್ತಿದ್ದಳು. ಸಾಕ್ಷಿ ಹೇಳುತ್ತೀರಾ ಎಂದು ವಕೀಲೆ ಕೇಳಿದಾಗ ಅವನು, ರಜೆ ಸಿಕ್ಕರೆ ಬರುತ್ತೇನೆ, ಸಿಗದಿದ್ದರೂ ಬರುತ್ತೇನೆ ಎಂದ.

ಕೋರ್ಟಿನಲ್ಲಿ ವಿಚಾರಣೆ ನಾಲ್ಕಾರು ಸಲ ಮುಂದಕ್ಕೆ ಹೋಗಿ, ಕೊನೆಗೊಂದು ಬೆಳಗ್ಗೆ ನಡೆಯಿತು. ಕಾರಿನವನು ಅದೇ ಬಿಸಿಲಿನ ಮಾತು ಹೇಳಿದ. ನಿಂತಿದ್ದ ವ್ಯಾನಿನ ಮರೆಯಿಂದ ಈಕೆ ಹಠಾತ್ತಾಗಿ ಬಂದಳು ಎಂದೂ ಸೇರಿಸಿದ. ನಕ್ಷೆಯಲ್ಲಿ ವ್ಯಾನೇ ಇರಲಿಲ್ಲ. ಅವನು ಇಳಿದು ಹೋಗುವಾಗ ಇವಳ ಮುಂದೆ ಒಂದು ಗಳಿಗೆ ನಿಂತ. ಏನೋ ಹೇಳಲು ಬಾಯಿ ತೆರೆದ. ಅವನ ವಕೀಲರು ಭುಜ ಮುಟ್ಟಿದ ಕೂಡಲೇ ಹೊರಟುಬಿಟ್ಟ.

ಆಮೇಲೆ ಗೇಟುಮನುಷ್ಯ. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಬಂದಿದ್ದ. ಕಂಪನಿಯ ವಕೀಲರು ಸಾವಧಾನವಾಗಿ ಎದ್ದರು.

"ಈಕೆ ನಿಮಗೆ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ ಸ್ವಾಮಿ."

"ಎಷ್ಟು ಸಲ ಮಾತಾಡಿದ್ದೀರಿ ಇವರ ಜೊತೆ?"

"ಅಪಘಾತಕ್ಕೆ ಮುಂಚೆ ಒಂದು ಸಲಾನೂ ಇಲ್ಲ."

"ಹಾಗಾದ್ರೆ ನಡೆಯೋದು ಇವರಿಗೆ ಸುಖ ಅಂತ ನಿಮಗೆ ಹೇಗೆ ಗೊತ್ತು? ಏನೋ ಕೆಲಸ ಇದ್ದು ಹೋಗ್ತಿರಬಹುದಲ್ಲ?"

ಗೇಟುಮನುಷ್ಯ ಸ್ವಲ್ಪ ಯೋಚಿಸಿದ. ಚಾದರದಕ್ಕನ ಕಡೆ ನೋಡಿದ. ಹೇಳಬಹುದೋ ಬೇಡವೋ ಎಂದು ಅನುಮತಿ ಕೇಳುವ ಹಾಗೆ.

"ಕೆಲಸಕ್ಕೆ ಹೋಗೋರಿಗೆ ಗೇಟು ಹಾಕಿದ್ರೆ ಸಿಟ್ಟು ಬರುತ್ತೆ ಸ್ವಾಮಿ. ನನಗೆ ಶಾಪ ಹಾಕ್ತಾರೆ. ಇವರಿಗೆ ಗೇಟು ಹಾಕಿದ್ರೆ ಖುಷಿ. ರೈಲು ಬರೋ ತನಕ ಕಂಬದ ಹತ್ರ ನಿಂತಿರ್ತಾರೆ. ರೈಲು ಹೋಗುವಾಗ ಹಾಡ್ತಾರೆ."

"ಏನು ಹಾಡ್ತಾರೆ?"

"ಅದು ಗೊತ್ತಿಲ್ಲ. ರೈಲಿನ ಸದ್ದಲ್ಲಿ ಕೇಳಿಸಲ್ಲ. ಬಾಯಿ ಕಾಣುತ್ತೆ ಅಷ್ಟೇ. ಗಂಟಲು ಬಿಟ್ಟು ಹಾಡ್ತಾರೆ. ರೈಲು ಹೋದ ಕೂಡ್ಲೇ ನಿಲ್ಲಿಸಿ, ಏನೂ ಆಗದವರ ಹಾಗೆ ದಾಟಿ ಹೋಗ್ತಾರೆ."

ಕೋರ್ಟಿನಲ್ಲಿ ಯಾರೋ ಮೆಲ್ಲಗೆ ನಕ್ಕರು. ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ. ಆದರೂ ಚಾದರದಕ್ಕನ ಕಿವಿ ಬಿಸಿಯಾಯಿತು. ನೆಲ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಅಮ್ಮ ಹೇಳುತ್ತಿದ್ದ ಹಾಡುಗಳು ಅವು. ಮನೆಯ ಗೋಡೆಗಳು ತೆಳು, ಪಕ್ಕದವರಿಗೆ ಕೇಳುತ್ತದೆಂದು ಅಲ್ಲಿ ಎಂದೂ ಬಾಯಿ ತೆರೆದಿರಲಿಲ್ಲ. ಲೋಕದಲ್ಲಿ ತನ್ನದೆಂದು ಇದ್ದ ಒಂದೇ ಒಂದು ಗುಟ್ಟನ್ನು ಈಗ ಮೂಲೆಯ ಟೈಪಿಸ್ಟು ಟಕಟಕನೆ ಕುಟ್ಟುತ್ತಿದ್ದಳು. ನ್ಯಾಯಾಧೀಶರು ಕನ್ನಡಕ ತೆಗೆದು, "ಈಗ?" ಎಂದು ಅವಳನ್ನೇ ಕೇಳಿದರು. "ಈಗ ಹಾಡೋದಿಲ್ವಾ ಅಮ್ಮ?"

"ಅಲ್ಲಿ ತನಕ ಹೋಗೋಕಾಗಲ್ಲ ಸ್ವಾಮಿ" ಎಂದಳು.

ಕಂಪನಿಯ ವಕೀಲರು ಮುಂದೇನೂ ಕೇಳದೆ ಕುಳಿತರು.

ತೀರ್ಪು ಬಂದಾಗ ತಪ್ಪೆಲ್ಲ ಕಾರಿನವನದೇ ಎಂದಾಯಿತು. ಕೇಳಿದಷ್ಟು ಸಿಗಲಿಲ್ಲ, ಆದರೆ ಅಂದು ಆಸ್ಪತ್ರೆಯಲ್ಲಿ ಸೈನ್ ಹಾಕಿದ್ದರೆ ಸಿಗುತ್ತಿದ್ದುದರ ಹಲವು ಪಟ್ಟು ಸಿಕ್ಕಿತು. ಮೊಣಕಾಲಿಗೆ ಮುಂದೆ ಆಗಬೇಕಾದ ಆಪರೇಷನ್ನಿಗೂ ಅದರಲ್ಲಿ ಪಾಲಿತ್ತು. ಸುಖದ ಲೆಕ್ಕದಲ್ಲಿ ಕೋರ್ಟು ಒಂದು ಬಿಡಿಗಾಸೂ ಕತ್ತರಿಸಿರಲಿಲ್ಲ. ವಕೀಲೆ ಆ ಪುಟವನ್ನು ಜೆರಾಕ್ಸ್ ಅಂಗಡಿಯಲ್ಲಿ ನಿಂತು ಜೋರಾಗಿ ಓದಿದಳು. "ಏಕಾಂಗಿಯಾಗಿ ನಡೆಯುವುದು ಮತ್ತು ಹಾಡುವುದು" ಎಂದು ಬರೆದಿತ್ತು. ಗೆದ್ದದ್ದಕ್ಕೆ ಖುಷಿಯಾಗಬೇಕಿತ್ತು. ಆದರೆ ಹೀಗೆ ಸರ್ಕಾರಿ ಮಾತಿನಲ್ಲಿ ಕೇಳಿದಾಗ ತನ್ನ ಬದುಕು ಇಷ್ಟೇನಾ ಎಂದು ಅವಳಿಗೆ ಅನ್ನಿಸಿತು.

ಗೇಟುಮನುಷ್ಯನ ಮನೆಗೆ ಅವಳು ಒಮ್ಮೆ ಹೋದಳು. ಹಣ್ಣು ತೆಗೆದುಕೊಂಡು, ಒಳ್ಳೆಯ ಸೀರೆ ಉಟ್ಟುಕೊಂಡು. ಅವನ ಹೆಂಡತಿ ಕೈ ಹಿಡಿದು ಒಳಗೆ ಕರೆದಳು, ಟೀ ಕೊಟ್ಟಳು. "ಹೊಳೆಯಲ್ಲಿ ಈ ಸಲ ನೀರು ಕಡಿಮೆ" ಎಂದ ಅವನು. "ಹೌದಾ" ಎಂದಳು ಇವಳು. ಹೆಂಡತಿ ನಗುತ್ತಾ, "ಹೋಗೋದು ಬರೋದು ನೋಡಿ ನೋಡಿ, ನೀವು ಮಾತಾಡ್ತೀರ ಅಂತಾನೇ ಮರೆತಿದ್ದೆ ನೋಡಿ" ಎಂದಳು. ಒಳ್ಳೆಯ ಜನ. ಮತ್ತೆ ಬನ್ನಿ ಎಂದರು, ಮನಸಾರೆಯೇ ಎಂದರು. ಆದರೆ ಅವರು ಇಷ್ಟಪಟ್ಟಿದ್ದು ದಾರಿಯಲ್ಲಿ ನಡೆದುಹೋಗುತ್ತಿದ್ದ ಭಾನುವಾರದಮ್ಮನನ್ನು. ಕುರ್ಚಿಯಲ್ಲಿ ಕುಳಿತು ಟೀ ಆರಿಸಿಕೊಳ್ಳುತ್ತಿದ್ದ ಹೆಂಗಸು ಅವರಿಗೂ ಹೊಸಬಳೇ. ಅವಳು ಎರಡನೆಯ ಸಲ ಹೋಗಲಿಲ್ಲ. ಮರುವರ್ಷ ಅವನಿಗೆ ವರ್ಗವಾಯಿತು ಎಂದು ಯಾರೋ ಹೇಳಿದರು.

ಅವಳು ನೆಲಮಹಡಿಯಲ್ಲಿ ಮನೆ ಹಿಡಿದಳು. ಕುಳಿತು ಮಾಡುವ ಕೆಲಸ ಹುಡುಕಿಕೊಂಡಳು. ಒಂದು ಅಂಗಡಿಯವರು ಅಂಗಿಗಳಿಗೆ ಗುಂಡಿ ಹೊಲಿಯಲು ಮನೆಗೇ ಕಳಿಸುತ್ತಿದ್ದರು. ಮೊಣಕಾಲಿನ ಆಪರೇಷನ್ ಆದಾಗ ಡಾಕ್ಟರು, ಜೊತೆಗೆ ಯಾರಾದರೂ ಇರಲೇಬೇಕು ಎಂದು ಕಡ್ಡಾಯ ಮಾಡಿದರು. ಪರಿಹಾರದ ಹಣದಲ್ಲಿ ಅವಳು ಹಗಲಿಗೆ ಒಬ್ಬಳನ್ನು ಇಟ್ಟುಕೊಂಡಳು. ಹೆಚ್ಚುಕಡಿಮೆ ಅವಳದೇ ವಯಸ್ಸಿನ ಆಯಾ. ಬಂದವಳೇ ಕಸ ಗುಡಿಸಿ, ಸ್ನಾನ ಮಾಡಿಸಿ, ಕಾಲಿಗೆ ವ್ಯಾಯಾಮ ಮಾಡಿಸಿ, ಬಾಗಿಲ ಬಳಿ ಕುಳಿತುಬಿಡುತ್ತಿದ್ದಳು. ಚಾದರದಕ್ಕ ಗೋಡೆ ಕಡೆ ತಿರುಗಿ ನಿದ್ದೆ ಬಂದವಳ ಹಾಗೆ ಮಲಗುತ್ತಿದ್ದಳು. ಎರಡು ವಾರ ಹೀಗೇ ನಡೆಯಿತು.

ಒಂದು ಮಧ್ಯಾಹ್ನ ಆಯಾ ಕೇಳಿಯೇಬಿಟ್ಟಳು. "ಅಮ್ಮ, ತಪ್ಪು ತಿಳ್ಕೋಬೇಡಿ. ನಿಮಗೆ ಮಾತಾಡೋದು ಇಷ್ಟ ಇಲ್ವಾ?"

ಚಾದರದಕ್ಕನಿಗೆ ಮಗ್ಗುಲು ಬದಲಾಯಿಸಲು ಹೊತ್ತು ಹಿಡಿಯಿತು. ಆಯಾ ಎದ್ದು ಬಂದು ಕಾಲಿನ ಕೆಳಗೆ ದಿಂಬು ಸರಿಮಾಡಿದಳು.

"ಇಷ್ಟ ಇದೆ" ಎಂದಳು ಅವಳು. "ಅಭ್ಯಾಸ ಇಲ್ಲ."

"ಅಷ್ಟೇನಾ. ಹಾಗಾದ್ರೆ ನಾನು ಹೇಳ್ತೀನಿ, ನೀವು ಕೇಳಿ" ಎಂದು ಆಯಾ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದುಕೊಂಡಳು. ತನ್ನ ಅಳಿಯ ಎಂಥ ಸೋಮಾರಿ ಎಂಬಲ್ಲಿಂದ ಶುರುಮಾಡಿದಳು. ಆ ಅಳಿಯನ ಪುರಾಣ ಮುಗಿಯುವ ಹೊತ್ತಿಗೆ ಬೀದಿಯ ದೀಪ ಹತ್ತಿಕೊಂಡಿತ್ತು. ಆಯಾ ಗಡಿಯಾರ ನೋಡಿ, ಅಯ್ಯೋ ಬಸ್ಸು ತಪ್ಪುತ್ತೆ ಎಂದು ಚೀಲ ಎತ್ತಿಕೊಂಡು ಹೊರಟಳು. ಬಾಗಿಲು ಮುಚ್ಚಿತು. ಅಳಿಯನಿಗೆ ಕೊನೆಗೆ ಕೆಲಸ ಸಿಕ್ಕಿತೋ ಇಲ್ಲವೋ ಎಂದು ಕೇಳುವುದೇ ಮರೆತುಹೋಯಿತಲ್ಲ ಎಂದುಕೊಂಡು ಚಾದರದಕ್ಕ ಕತ್ತಲಲ್ಲಿ ಮಲಗಿದಳು. ನಾಳೆ ಕೇಳಿದರಾಯಿತು.